ಮೊಣಕಾಲೆತ್ತರದ ಬಳ್ಳಿಗಳು

ನಿಮ್ಮ ಅವ್ವನಿಗೆ ನಾನು ಹೆಂಡ ಕುಡಿಸಿದೆ. ಔಷಧ ಎಂದು ಸುಳ್ಳು ಹೇಳಿ, ಸಂಜೆ ಸಂಜೆ, ನನ್ನ ಕೈಯಾರೆ. ಅವರು ಹೋದ ಮೇಲೆ ಇಷ್ಟು ವರ್ಷ ನಿಮ್ಮೆದುರು ಕೂತು ಉಂಡಿದ್ದೇನೆ, ಇದೊಂದನ್ನು ಹೇಳಲಾಗಲಿಲ್ಲ.

ಆ ಬಾಟಲಿ ನೆನಪಿರಬೇಕು — ನಿಮ್ಮ ಆಫೀಸಿನ ಮೋಹನ್ ಫ್ರಾನ್ಸಿಗೆ ಹೋದಾಗ ಬರ್ಗಂಡಿಯ ಒಂದು ಹಳೆಯ ತೋಟದಿಂದ ತಂದುಕೊಟ್ಟ ಕೆಂಪು ವೈನು. ಬೇಕೆಂದವರಿಗೆಲ್ಲ ಸಿಗುವುದಲ್ಲವಂತೆ. ಕುಡಿಯದವರ ಮನೆಗೆ ಅದೇಕೆ ಬಂತೋ! ಬಿಟಿಎಂನ ಆ ಬಾಡಿಗೆ ಮನೆಯಲ್ಲಿ ಅದನ್ನು ಅಟ್ಟದ ಮೇಲೆ ಬಚ್ಚಿಟ್ಟಿರಿ. ಲಿಂಗಪೂಜೆಯಾಗದೆ ನೀರೂ ಮುಟ್ಟದ ಅತ್ತೆಯ ಕಣ್ಣಿಗೆ ಬೀಳಬಾರದಲ್ಲ.

ಅತ್ತೆಗೆ ಆಗ ನಿದ್ದೆಯೇ ಇರಲಿಲ್ಲ. ವೈದ್ಯರು ಕೊಟ್ಟ ದ್ರಾಕ್ಷಾರಿಷ್ಟ ಒಂದು ಮುಚ್ಚಳ ಕುಡಿದರೆ ಸ್ವಲ್ಪ ಕಣ್ಣು ಹತ್ತುತ್ತಿತ್ತು. ಅದು ಮುಗಿದ ಸಂಜೆ ನೀವು ಊರಲ್ಲಿರಲಿಲ್ಲ. ಕೆಳಗಿಳಿದು ಅಂಗಡಿಗೆ ಹೋಗಲು ನನಗೆ ಸೋಮಾರಿತನ. ಇದೂ ದ್ರಾಕ್ಷಿಯದೇ ತಾನೆ ಎಂದು ಬಿರಡೆಯನ್ನು ಸೌಟಿನ ಹಿಡಿಯಿಂದ ಒಳಕ್ಕೆ ತಳ್ಳಿದೆ. ಪೊರೆ ಬಂದ ಕಣ್ಣಿಗೆ ಬಣ್ಣ ತಿಳಿಯಲಿಲ್ಲ. ಅತ್ತೆ ಮಗುವಿನಂತೆ ಮಲಗಿದರು, ನಾನೂ ಮಲಗಿದೆ. ಮರುದಿನ ಅಂಗಡಿಗೆ ಹೋಗಬಹುದಿತ್ತು — ಹೋಗಲಿಲ್ಲ.

ಆಮೇಲೆ ಅವರಿಗೆ ಏನೋ ಕಾಣತೊಡಗಿತು.

"ಇದ್ಯಾವ ದ್ರಾಕ್ಷಿ ತ್ವಾಟ, ಯವ್ವಾ? ಹಂದರಿಲ್ಲ, ಬಳ್ಳಿ ಮೊಣಕಾಲೆತ್ತರ ಅದಾವ. ಸುತ್ತ ಕಲ್ಲಿನ ಗ್ವಾಡಿ, ಒಂದು ಮೂಲ್ಯಾಗ ಕುಸದೈತಿ. ಒಬ್ಬಾಕಿ ಬಗ್ಗಿ ಚಾಟ್ನಿ ಮಾಡಾಕತ್ತಾಳ."

ಬಳ್ಳಿ ಕತ್ತರಿಸುವುದಕ್ಕೆ ನಿಮ್ಮ ವಿಜಯಪುರದ ಮಾತು ಅದು. ದ್ರಾಕ್ಷಿ ಬೆಳೆದವರಿಗೆ ಕನಸೂ ಅದರದೇ ಎಂದು ನಕ್ಕೆ. ಆದರೆ ಆ ಹೆಂಗಸು ದಿನಕ್ಕೊಂದು ಸಾಲು ಹತ್ತಿರ ಬರುತ್ತಿದ್ದಳು. ಮುಖ ಮಾತ್ರ ಎತ್ತುತ್ತಿರಲಿಲ್ಲವಂತೆ. ಅತ್ತೆ ಗೋಡೆಗೆ ಮುಖ ಮಾಡಿ ಅವಳ ಮಾತು ಕೇಳಿಸಿಕೊಳ್ಳುತ್ತ ಮಲಗಿರುತ್ತಿದ್ದರು.

ಒಂದು ಸಂಜೆ ಲೋಟ ಹಿಡಿದ ನನ್ನ ಕೈಯನ್ನು ಹಿಡಿದುಕೊಂಡರು.

"ಖರೇ ಹೇಳು, ಇದು ಔಷಧಾನ ಏನು? ಬ್ಯಾರೆ ಏನರ ಇದ್ರ ಹೇಳಿಬಿಡು, ಸಿಟ್ಟಾಗೂದಿಲ್ಲ. ಕೊರಳಾಗಿನ ಲಿಂಗಪ್ಪಗ ತಪ್ಪಾತು ಅಂತ ಕೇಳ್ಕೋತೀನಿ."

"ಔಷಧಾನೇ ಅತ್ತೆ, ನಿಮ್ಮಾಣೆ."

"ಹಂಗಾರ ಆಕಿ ಯಾಕ ಅಲ್ಲಂತಾಳ?"

ಮರುದಿನದಿಂದ ಅವರು ಲಿಂಗವನ್ನು ಅಂಗೈಗೆ ತೆಗೆದುಕೊಳ್ಳಲಿಲ್ಲ. ಕೈ ಮೈಲಿಗೆ ಎಂದರು. ವಯಸ್ಸಿನ ಮರುಳು ಎಂದುಕೊಂಡಿರಿ ನೀವು. ವಾರದೊಳಗೆ ಹೋಗಿಬಿಟ್ಟರು. ಸಮಾಧಿಯಲ್ಲಿ ಸ್ವಾಮಿಗಳು ಎಡಗೈಯಲ್ಲಿ ಲಿಂಗವಿಡಲು ನೋಡಿದರೆ ಮುಷ್ಟಿ ಬಿಚ್ಚಲಿಲ್ಲ. ನೀವು ಒಂದೊಂದೇ ಬೆರಳು ಸವರಿದಿರಿ, ಅವ್ವಾ ಅವ್ವಾ ಎಂದು ಅತ್ತಿರಿ. ಕೊನೆಗೆ ಎದೆಯ ಮೇಲಿಟ್ಟು ಮಣ್ಣು ಮುಚ್ಚಿದರು. ಕಾರಣ ಗೊತ್ತಿದ್ದವಳು ನಾನೊಬ್ಬಳೇ, ಪಕ್ಕದಲ್ಲೇ ನಿಂತಿದ್ದೆ.

ಸಾವಿನ ಮನೆಯೆಂದು ಮಾತಾಡಿಸಲು ಬಂದ ಮೋಹನ್, ನೀವು ಒಳಗಿದ್ದಾಗ, ಫೋನಿನಲ್ಲಿ ಆ ತೋಟ ತೋರಿಸಿದರು. ಗಿಡ್ಡ ಬಳ್ಳಿಗಳು. ಮೂಲೆಯಲ್ಲಿ ಕುಸಿದ ಕಲ್ಲಿನ ಗೋಡೆ.

"ಓನರಮ್ಮ ಚಳೀಲೂ ತಾವೇ ಬಳ್ಳಿ ಕತ್ತರಿಸ್ತಿದ್ರು ಮೇಡಂ. ಯಾರು ಮಾತಾಡ್ಸಿದ್ರೂ ತಲೆ ಎತ್ತಲ್ಲ. ನಾನು ವಾಪಸ್ ಬಂದ್ಮೇಲೆ ತೀರ್‍ಕೊಂಡ್ರಂತೆ."

ಮೋಹನ್ ಹೊರಟ ಮೇಲೆ ಬಾಟಲಿಯ ತಳದಲ್ಲಿದ್ದುದನ್ನು ನಾನೇ ಕುಡಿದೆ. ಚೆಲ್ಲಿದರೆ ವಾಸನೆ ನಿಮಗೆ ತಿಳಿದೀತೆಂಬ ಭಯ, ಕಳ್ಳನ ಮನಸ್ಸು ಹುಳ್ಳುಳ್ಳಗೆ. ತೆರೆದಿಟ್ಟರೆ ಹುಳಿಯುತ್ತದಂತೆ; ಹುಳಿದಿರಲಿಲ್ಲ. ಒದ್ದೆ ಮಣ್ಣಿನ ವಾಸನೆಯಿತ್ತು.

ಅಂದಿನಿಂದ ನನಗೂ ಕಾಣುತ್ತದೆ. ಹೆಂಗಸರು ಈಗ ಇಬ್ಬರು. ಒಬ್ಬರು ಇಳಕಲ್ ಸೀರೆಯ ಸೆರಗನ್ನು ತಲೆ ಮೇಲೆ ಹೊದ್ದಿದ್ದಾರೆ — ಬಲಗೈಯಲ್ಲಿ ಕತ್ತರಿ, ಎಡಗೈ ಮುಷ್ಟಿ. ಮೊದಲು ದೂರದ ಗೋಡೆಯ ಬಳಿ ಇದ್ದರು, ವರ್ಷಕ್ಕೊಂದು ಸಾಲಿನಂತೆ ಹತ್ತಿರ ಬಂದರು. ನಿನ್ನೆ ನಮ್ಮ ನಡುವೆ ಒಂದೇ ಸಾಲು ಉಳಿದಿತ್ತು.

ಅದಕ್ಕೆ ಹೆದರಿ ಬರೆದೆನೆಂದರೂ ಸರಿಯೇ. ನಾಳೆ ಅವರ ಪುಣ್ಯತಿಥಿ, ಸಮಾಧಿಗೆ ಹೋಗುವ ಮೊದಲು ಇದನ್ನು ಓದಿ. ಹೂವು ನೀವು ಹಾಕಿ. ನಾನು ಅಲ್ಲಿ ಕೂತು, ಅವರು ಕೇಳಿದ ಮಾತಿಗೆ ನಿಜವಾದ ಉತ್ತರ ಕೊಡುತ್ತೇನೆ — ನೀವು ಕೇಳುವಂತೆ, ಗಟ್ಟಿಯಾಗಿ.