ಕೊಬ್ಬು ತಣ್ಣಗಾಗುವ ಜಾಗ

ಪೈಪ್ ರಿಪೇರಿಗೆ ಇಳಿದು ಇಪ್ಪತ್ತೆರಡು ವರ್ಷವಾದರೂ ಪೈಪಣ್ಣನಿಗೆ ಅಡುಗೆಮನೆ ಪೈಪಿನಲ್ಲಿ ಕೂತು ಹಳಸಿದ ಕೊಬ್ಬಿನ ನಾತ ಒಗ್ಗಿರಲಿಲ್ಲ. ಕಕ್ಕಸಿನ ಕೆಲಸವೇ ಎಷ್ಟೋ ವಾಸಿ, ಅದು ನೀರು ಸುರಿದರೆ ಹೋಗುತ್ತದೆ, ಎನ್ನುತ್ತಿದ್ದ. "ಊಟಕ್ಕೆ ಕೂತಾಗ ಬೇರೆ ಮಾತೇ ಸಿಗಲ್ವಾ ನಿಮಗೆ?" ಎಂದು ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಆ ದಿನ ಅವನ ತಂಗಿಯ ಬಚ್ಚಲೇ ಕಟ್ಟಿಕೊಂಡಿತ್ತು. ಇಳಿಜಾರು ಬೀದಿಯ ಕೊನೆಯ ಮನೆ ಅವಳದು. ಸಂಜೆಗೆ ಐದು ದಿನದ ಕೂಸಿನೊಂದಿಗೆ ಆಸ್ಪತ್ರೆಯಿಂದ ಬರುವವಳಿದ್ದಳು. ನೆಲದ ಮೇಲೆ ಹಿಮ್ಮಡಿ ಮುಳುಗುವಷ್ಟು ಬೂದು ನೀರು, ಅದರಲ್ಲಿ ತೇಲುವ ಬಿಳಿ ಉಂಡೆಗಳು. ಥೂ! ಬಾಣಂತಿ ಬಂದು ಇದನ್ನು ತುಳಿಯಬೇಕೆ?

ಹೊರಗಿನ ಗುಂಡಿಯ ಮುಚ್ಚಳ ಎತ್ತಿದ. ಚಳಿಗೆ ಕೊಬ್ಬು ಪೈಪಿನ ಬಾಯಲ್ಲಿ ಮೇಣದ ಹಾಗೆ ಗಟ್ಟಿಯಾಗಿ ಕೂತಿತ್ತು. ತಿವಿದ ಕಂಬಿಯೇ ಬಾಗಿತು. ಕೊನೆಗೆ ಮೊಣಕೈವರೆಗೆ ಕೈ ಹಾಕಿ ಹಿಡಿಹಿಡಿಯಾಗಿ ಕಿತ್ತು ಬಕೆಟ್ಟಿಗೆ ತುಂಬಿದ. ಎರಡು ಸಲ ವಾಂತಿಯಾಯಿತು.

ಬೀದಿಯ ಮೇಲ್ತುದಿಯ ಕ್ಯಾಂಟೀನಿನದೇ ಇದು, ಅನುಮಾನವೇ ಇಲ್ಲ. ಬಕೆಟ್ ಹಿಡಿದು ಏರು ಹತ್ತಿ ಸೀದಾ ಅಡುಗೆಮನೆಗೆ ನುಗ್ಗಿದ.

"ಏನಯ್ಯಾ, ಮಾನ ಮರ್ಯಾದೆ ಇದೆಯಾ ನಿನಗೆ? ಕೊಬ್ಬೆಲ್ಲ ಸಿಂಕಿಗೆ ಸುರೀತೀಯಾ?"

ಅಡುಗೆಯವನು ಒಲೆಯಿಂದ ತಿರುಗಿದ. "ನಮ್ಮ ಪೈಪ್ ನೋಡಿ ಅಣ್ಣ, ಎಷ್ಟು ಕ್ಲೀನಾಗಿದೆ. ಬಾಣಲೆ ತೊಳೆದ ಮೇಲೆ ಎರಡು ಪಾತ್ರೆ ಕುದಿಯೋ ನೀರು ಬಿಡ್ತೀವಿ. ಬಿಸಿ ತಾಗಿದ್ರೆ ನೀರಾಗಿ ಓಡುತ್ತೆ."

"ಓಡಿ ಎಲ್ಲಿಗೆ ಹೋಗುತ್ತೆ? ತಗ್ಗಲ್ಲಿ ತಣ್ಣಗಾಗಿ ಕೂರುತ್ತೆ! ಯಾವ ದಡ್ಡ ಹೇಳಿಕೊಟ್ಟ ನಿನಗೆ ಇದನ್ನ?"

ಅಡುಗೆಯವನು ತಡವರಿಸಿದ. "ನೀವೇ ಅಲ್ವಾ ಅಣ್ಣ? ಹೋದ ವರ್ಷ ನಮ್ಮದು ಕಟ್ಟಿಕೊಂಡಾಗ. ಪಕ್ಕದ ಬೇಕರಿಯವರಿಗೂ ನೀವೇ ಹೇಳಿದ್ದಂತೆ."

ಹೌದು, ಅವನೇ. ಬೇಕರಿಗೆ ಮಾತ್ರವಲ್ಲ, ಆ ಬೀದಿಯ ನಾಲ್ಕೂ ಹೋಟೆಲು-ಬೇಕರಿಗಳ ಅಡುಗೆಮನೆಗಳಿಗೆ. ದೊಡ್ಡ ಉಪಕಾರ ಮಾಡಿದವನ ಹಾಗೆ ಹೇಳಿಕೊಟ್ಟಿದ್ದ. ನಿಜಕ್ಕೂ, ಮತ್ತೆ ಮತ್ತೆ ಕರೆಸಿ ಆ ನಾತದೊಳಗೆ ಕೈ ಹಾಕಿಸದಿದ್ದರೆ ಸಾಕಾಗಿತ್ತು ಅವನಿಗೆ. ಕೊಬ್ಬು ಕಣ್ಣಿಗೆ ಕಾಣದಷ್ಟು ದೂರ ಹೋದರೆ ಮುಗಿಯಿತು ಎಂದುಕೊಂಡಿದ್ದ. ಈಗ ತನ್ನ ಮೇಲೆಯೇ ಅವನಿಗೆ ಹೇಸಿಗೆಯಾಯಿತು. ಬಕೆಟ್ ಎತ್ತಿಕೊಂಡು ಇಳಿದು ಬಂದ.

ಸಂಜೆ ಉಜ್ಜಿ ತೊಳೆದ ಮನೆಗೆ ತಂಗಿ ಕಾಲಿಟ್ಟಳು. "ನೀನಿಲ್ಲದಿದ್ರೆ ನಮ್ಮ ಗತಿ ಏನಾಗ್ತಿತ್ತೋ ಅಣ್ಣ! ತಗೋ, ಸೋದರಮಾವ ಎತ್ಕೋಬೇಕು ಮೊದಲು," ಎಂದು ಕೂಸನ್ನು ಚಾಚಿದಳು.

ನಾಲ್ಕು ಸಲ ಸೋಪು ಹಾಕಿ ತೊಳೆದಿದ್ದ ಕೈಗಳನ್ನು ಅವನು ಬೆನ್ನ ಹಿಂದೆ ಕಟ್ಟಿಕೊಂಡ.

"ಆ ಹೊಲಸು ನಾನೇ ಕಳಿಸಿದ್ದು ಕಣೇ," ಎಂದ.