ಬೋನಸ್ಸಿಗೆ ಮಂಜೂರು ಎನ್ನುವ ಮೊದಲು

ಈಚೆಗೆ ಯಾರಾದರೂ ‘ರಿಸ್ಕ್’ ಎಂದರೆ ಸಾಕು, ನನ್ನ ಕಾಲುಗಳು ನನ್ನನ್ನು ಕೇಳದೆಯೇ ಎರಡು ಹೆಜ್ಜೆ ಹಿಂದೆ ಸರಿಯುತ್ತವೆ. ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವಳಿಗೆ ಇದು ಶೋಭೆಯಲ್ಲ. ಮೊನ್ನೆ ಹುನಗುಂದದ ತರಗತಿಯಲ್ಲಿ ‘ರಿಸ್ಕ್ ಹೆಚ್ಚಿದ್ದಷ್ಟೂ ಪ್ರತಿಫಲ ಹೆಚ್ಚು’ ಎಂದು ಹೇಳುತ್ತಲೇ ಹಿಂದೆ ಸರಿದು ಕರಿಹಲಗೆಗೆ ಬೆನ್ನು ಹಚ್ಚಿಬಿಟ್ಟೆ. ಲಾಭದ ಸೂತ್ರವೆಲ್ಲ ಸೆರಗಿಗೆ ಅಂಟಿಕೊಂಡಿತು. ಹಿಂದಿನ ಬೆಂಚಿನವರು ಅದನ್ನು ಅಲ್ಲಿಂದಲೇ ಬರೆದುಕೊಂಡರಂತೆ, ತಿರುವುಮುರುವಾಗಿ.

ಇದಕ್ಕೆಲ್ಲ ಕಾರಣ ಒಂದು ಕಲ್ಲು. ಇಳಕಲ್ಲಿನವರಾದ ನಾವು ಕೆಂಪು ಗ್ರಾನೈಟ್ ಹೊತ್ತ ಲಾರಿಗಳನ್ನು ದಾರಿಯ ಎಮ್ಮೆಗಳಷ್ಟೇ ನಿರ್ಲಕ್ಷ್ಯದಿಂದ ನೋಡುತ್ತೇವೆ. ಕಳೆದ ತಿಂಗಳು ಚಹದಂಗಡಿಯ ಮುಂದೆ ನಿಂತು ಪಿಗ್ಮಿ ಕಟ್ಟುತ್ತಿದ್ದೆ. ನಮ್ಮ ಪತ್ತಿನ ಸಹಕಾರಿ ಸಂಘಕ್ಕಾಗಿ ಅಂಗಡಿ ಅಂಗಡಿ ತಿರುಗಿ ಜನರ ದಿನದ ಉಳಿತಾಯ ಕೂಡಿಸುವ ಶಹನಾಜ್, ಸ್ಕೂಟರಿನ ಮೇಲೆ ಕುಳಿತೇ ಕೈ ಚಾಚಿದ್ದಳು.

“ಅಕ್ಕೋರ, ಐವತ್ತು ರೂಪಾಯಿ ಕೊಡಾಕ ಎಷ್ಟೊತ್ತು ಪರ್ಸ್ ಹುಡುಕ್ತೀರಿ? ನಾ ಮುದುಕಿ ಆಗ್ತೇನಿ ನೋಡ್ರಿ!”

ಆಗಲೇ ತಿರುವಿನಲ್ಲಿ ಲಾರಿಯ ಸರಪಳಿ ಕಡಿಯಿತು. ಕಲ್ಲು ಅವಸರವಿಲ್ಲದೆ, ಬಂಡಿಯಿಂದ ಇಳಿಯುವ ಹಿರಿಯರಂತೆ ಜಾರಿ, ಸ್ಕೂಟರಿನ ಹಿಂಬದಿಯ ಮೇಲೆ ಬಿತ್ತು. ಪಾದದಡಿಯ ನೆಲ ಎದ್ದು ಕೂತಿತು. ಧೂಳು ಇಳಿದಾಗ ಶಹನಾಜ್ ರಸ್ತೆಯಲ್ಲಿ ಬಿದ್ದಿದ್ದಳು, ಸ್ಕೂಟರಿನ ಮುಂಭಾಗ ಅವಳ ಕಾಲಿನ ಮೇಲೆ. ಕಾಲಿನ ಎಲುಬು ಮುರಿದಿತ್ತು, ಒಂದು ಗೇಣಿನ ಅಂತರದಲ್ಲಿ ಜೀವ ಉಳಿದಿತ್ತು. ಸಂಘದ ಹಣದ ಚೀಲವನ್ನು ಆಕೆ ಎದೆಗೆ ಅವುಚಿ ಹಿಡಿದಿದ್ದಳು. ನಾನು ಐವತ್ತರ ನೋಟನ್ನು ಇನ್ನೂ ಗಾಳಿಗೆ ಹಿಡಿದುಕೊಂಡೇ ನಿಂತಿದ್ದೆ.

ಈಗಲೂ ಒಲೆಯ ಮೇಲೆ ಹಾಲಿಟ್ಟು ನಿಂತರೆ ಆ ಕಲ್ಲು ಬೀಳುತ್ತದೆ. ಒಮ್ಮೊಮ್ಮೆ ನಾನು ಬೇಗ ಹಣ ಕೊಟ್ಟಿರುತ್ತೇನೆ, ಆಕೆ ಹೊರಟುಹೋಗಿರುತ್ತಾಳೆ. ಒಮ್ಮೊಮ್ಮೆ ಕಲ್ಲು ಒಂದು ಗೇಣು ಈಚೆಗೆ ಬೀಳುತ್ತದೆ. ಆಗ ಹಾಲು ಉಕ್ಕಿಯೇ ನನ್ನನ್ನು ಎಚ್ಚರಿಸಬೇಕು.

ಇಂಥ ಹೊತ್ತಿನಲ್ಲಿ ಸಂಘದ ವಾರ್ಷಿಕ ಸಭೆಯ ನೋಟಿಸು ಬಂತು. ಮ್ಯಾನೇಜರ್ ಈರಣ್ಣನವರಿಗೂ ಸಾಲ ವಿಭಾಗದ ಇಬ್ಬರಿಗೂ ಒಂದು ವರ್ಷದ ಸಂಬಳದಷ್ಟು ಬೋನಸ್. ‘ರಿಸ್ಕ್ ತೆಗೆದುಕೊಂಡು ಲಾಭ ತಂದುದಕ್ಕಾಗಿ’. ಓದುತ್ತಲೇ ಎರಡು ಹೆಜ್ಜೆ ಹಿಂದೆ ಸರಿದೆ. ಪಿಗ್ಮಿ ಕೂಡಿಸುವವರು ಕಮಿಷನ್ ಮೇಲೆ ದುಡಿಯುವವರು, ನೌಕರರಲ್ಲ. ಆದ್ದರಿಂದ ಅವರಿಗೆ ಬೋನಸ್ ಇಲ್ಲ. ಶಹನಾಜ್ ಮಲಗಿದ ದಿನದಿಂದ ಕಮಿಷನ್ನೂ ಇಲ್ಲ.

ಈರಣ್ಣ ಕೆಟ್ಟವರಲ್ಲ. ಸಂಘ ಬೆಳೆದದ್ದು ಅವರ ಓಡಾಟದಿಂದಲೇ. ಕೇಳಲು ಹೋದಾಗ ಚಹಾ ತರಿಸಿ ಸಮಾಧಾನವಾಗಿಯೇ ಹೇಳಿದರು: “ಅಕ್ಕೋರ, ಮುಂಬೈದಾಗ ಇದರ ಹತ್ತು ಪಟ್ಟು ಕೊಡ್ತಾರ. ಕೊಡಲಿಲ್ಲಂದ್ರ ಚಲೋ ಮಂದಿ ಬಿಟ್ಟು ಹೋಗ್ತಾರ್ರಿ.”

ಬಾದಾಮಿಯ ಮಾವನ ಮನೆಗೆ ಹೋದರೂ ಸಂಜೆಯ ಬಸ್ಸಿಗೆ ಮರಳುವ ಮನುಷ್ಯ ಇವರು. ಮುಂಬೈಗೆ ಹೊರಟರೆ ಕುಳಗೇರಿ ಕ್ರಾಸಿನಲ್ಲೇ ಊರು ನೆನಪಾಗಿ ಇಳಿದುಬಿಟ್ಟಾರು. ಅದಿರಲಿ, ಅವರ ರಿಸ್ಕ್ ಯಾವುದು? ಕೊಟ್ಟ ಸಾಲ ಮುಳುಗಿದರೆ ಮುಳುಗುವುದು ಶಹನಾಜ್ ಐವತ್ತೈವತ್ತಾಗಿ ಕೂಡಿಸಿ ತಂದ ಊರಿನ ದುಡ್ಡು. ಅವರ ಸಂಬಳ ಆ ತಿಂಗಳೂ ಒಂದನೆಯ ತಾರೀಖಿಗೇ ಬರುತ್ತದೆ. ಇಷ್ಟು ವರ್ಷ ಪಾಠ ಹೇಳಿದ ನನಗೆ ಇದನ್ನು ಯಾವ ಪುಸ್ತಕವೂ ಬಿಡಿಸಿ ಹೇಳಿರಲಿಲ್ಲ.

ತುಳಸಿಗೇರಿಯ ಕಡೆ ನನ್ನ ಅಜ್ಜನ ಹೊಲವಿತ್ತು. ಜೋಳದ ರಾಶಿಯಾದ ದಿನ ಕಣಕ್ಕೆ ಬಡಿಗ, ಕಂಬಾರ, ಅಗಸ ಎಲ್ಲರೂ ಬರುತ್ತಿದ್ದರಂತೆ. ಅವರ ಪಾಲು ಅಳೆದುಕೊಟ್ಟ ಮೇಲೆಯೇ ರಾಶಿ ಮನೆಗೆ. ಆ ಕಾಲವನ್ನು ನಾನು ಹೊಗಳಲಾರೆ. ಕೆಲವರನ್ನು ದೂರ ನಿಲ್ಲಿಸಿಯೇ ಸೆರಗಿಗೆ ಸುರಿಯುತ್ತಿದ್ದರು. ಆದರೂ ಹೊಲ ಹರಗುವ ಕುಂಟೆ ಮಾಡಿಕೊಟ್ಟವನನ್ನು ಕುರಿತು ‘ಇವನು ಜೋಳ ಬೆಳೆದವನಲ್ಲ’ ಎಂದು ಯಾರೂ ಅನ್ನಲಿಲ್ಲ. ಅಜ್ಜನ ಪಾಲು ದೊಡ್ಡದಿತ್ತು, ಅದಕ್ಕೂ ಯಾರೂ ಹೊಟ್ಟೆಕಿಚ್ಚು ಪಡಲಿಲ್ಲ. ಎಲ್ಲರ ಕಣ್ಣೆದುರಿಗೆ ಅಳೆದದ್ದಲ್ಲವೆ?

ಸಭೆಯಲ್ಲಿ ಈ ಬೋನಸ್ಸಿನ ಮಾತೆತ್ತುತ್ತೇನೆಂದು ಶಹನಾಜ್‌ಗೆ ತಿಳಿಸಲು ಹೋದೆ. ಆಕೆ ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

“ಅವರಿಗ್ಯಾಕ ಬ್ಯಾಡ ಅಂತೀರಿ? ತಗೊಳ್ಳಿ ಬಿಡ್ರಿ. ನನ್ನ ಕಾಲು ನೆಟ್ಟಗ ಆಗೂತನಕ ಮನಿ ನಡದ್ರ ಸಾಕು. ಆದ್ರ ಅಕ್ಕೋರ, ಮಾತಾಡೂದಿದ್ರ ಲಗೂನ ಮಾತಾಡ್ರಿ. ಅಲ್ಲೂ ಪರ್ಸ್ ಹುಡುಕ್ಕೊಂತ ನಿಂದರಬ್ಯಾಡ್ರಿ!”

ನಮ್ಮ ಸಂಘದ ಸಭೆಯ ಸಂಪ್ರದಾಯ ನಿಮಗೆ ಗೊತ್ತಿರಲಿ. ಅಧ್ಯಕ್ಷರು ಒಂದೊಂದೇ ಠರಾವು ಓದುತ್ತಾರೆ, ಸದಸ್ಯರು ಪಕ್ಕದ ಪೆಂಡಾಲಿನಿಂದ ಬರುವ ಎಣ್ಣೆಗಾಯಿಯ ವಾಸನೆಗೆ ಮೂಗು ಕೊಟ್ಟು “ಮಂಜೂರ್! ಮಂಜೂರ್!” ಎನ್ನುತ್ತಾರೆ. ಬೋನಸ್ಸಿನ ವಿಷಯ ಬಂದಾಗ ನಾನೆದ್ದೆ. ಈ ಸಲ ಹಿಂದೆ ಸರಿಯಲು ಕುರ್ಚಿ ಬಿಡಲಿಲ್ಲ. “ಪಿಗ್ಮಿ ಕೂಡಿಸುವವರಿಗೂ ಬೋನಸ್ಸಿನಲ್ಲಿ ಪಾಲಿರಬೇಕು. ಕೆಲಸದಲ್ಲಿ ಪೆಟ್ಟಾದವರಿಗೆ ಗುಣವಾಗುವವರೆಗೆ ಸಂಘ ಕಮಿಷನ್ ಕೊಡಬೇಕು. ಇದನ್ನು ತೆಗೆದಿಟ್ಟ ಮೇಲೆ ಉಳಿದವರ ಪಾಲು,” ಎಂದೆ. ಮೂರು ಪುಟದ ಭಾಷಣ ಬಿಚ್ಚುವಷ್ಟರಲ್ಲಿ ಸಭೆ ಒಕ್ಕೊರಲಿನಿಂದ ಕೂಗಿತು: “ಮಂಜೂರ್! ಮಂಜೂರ್!”

ಈರಣ್ಣ ಎದ್ದು ನಿಂತರು. “ಅಲ್ರೀ, ಮಂದಿ ಕೇಳಿಸಿಕೊಂಡೇ ಇಲ್ಲ!”

ಹಿಂದಿನಿಂದ ಯಾರೋ ಅಂದರು: “ಇದಕ್ಕ ಮದಲಿಂದು ಯಾವದು ಕೇಳಿಸಿಕೊಂಡೇವಿ?”

ಸಭೆ ನಕ್ಕಿತು. ನಾನು ಕುಳಿತುಬಿಡಬಹುದಿತ್ತು. ಆದರೆ ಹಸಿವಿಗೆ ಮಂಜೂರಾದದ್ದು ನಾಳೆ ಹೊಟ್ಟೆ ತುಂಬಿದ ಮೇಲೆ ರದ್ದಾಗಬಹುದು. “ಊಟ ಸ್ವಲ್ಪ ತಡೀಲಿ,” ಎಂದು ಕಾಗದ ಬದಿಗಿಟ್ಟು ಆ ಕಲ್ಲು ಬಿದ್ದುದನ್ನು ಹೇಳಿದೆ. ಹೇಳುತ್ತಿರುವಾಗ ಅದು ಮತ್ತೊಮ್ಮೆ ಬಿತ್ತು, ಈ ಸಲ ಎಲ್ಲರ ಮುಂದೆ. ಶಹನಾಜ್‌ಗೆ ದಿನಾ ಹಣ ಕೊಡುತ್ತಿದ್ದ ಅಂಗಡಿಯವರೆಲ್ಲ ತಲೆಯೆತ್ತಿದರು. ಅಧ್ಯಕ್ಷರು ನನ್ನ ಮಾತನ್ನೂ ಸೇರಿಸಿ ಠರಾವನ್ನು ಮತ್ತೆ, ನಿಧಾನವಾಗಿ ಓದಿದರು. ಈ ಸಲದ “ಮಂಜೂರ್” ತಡವಾಗಿ ಬಂತು; ಒಬ್ಬೊಬ್ಬರದಾಗಿ, ಕೈಯೆತ್ತಿ ಬಂತು.

ಊಟಕ್ಕೆ ಕುಳಿತಾಗ ಈರಣ್ಣ ತಟ್ಟೆ ಹಿಡಿದುಕೊಂಡು ಎದುರಿಗೆ ಬಂದರು. “ಖರೆ ಹೇಳ್ರಿ ಅಕ್ಕೋರ, ನನಗ ಎಷ್ಟು ಬಂದ್ರ ನ್ಯಾಯ ಅಂತೀರಿ?”

ಲಾಭದ ಸೂತ್ರ ಕಲಿಸುವ ನನ್ನ ಬಳಿ ಇದಕ್ಕೆ ಸೂತ್ರವಿರಲಿಲ್ಲ. “ಶಹನಾಜ್ ಮನ್ಯಾಗ ಕುಂತು, ಆಕಿ ಮುಂದ ಬಾಯಿಬಿಟ್ಟು ಹೇಳಾಕ ಬರುವಷ್ಟು,” ಎಂದೆ.

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. “ಹಂಗಾದ್ರ ಭಾಳ ಕಡಿಮಿ ಆಗ್ತದಲ್ರೀ.”

“ಆಕಿ ಉದಾರಿ ಅದಾಳ, ಹೇಳಿ ನೋಡೂಣು. ಊಟಾ ಮುಗಸ್ರಿ, ಕೂಡೇ ಹೋಗೂಣು.”

ಈರಣ್ಣ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಆಮೇಲೆ ಮತ್ತೊಂದು. ನಾನು ಕೈ ತೊಳೆದುಕೊಂಡು ಬಂದು ಅವರೆದುರಿಗೇ ಕುಳಿತೆ.