ತಿದ್ದದೆ ಸಾಕಿದ ತಪ್ಪುಗಳು

ನಮ್ಮ ಶಾಲೆಯ ಇಂಗ್ಲಿಷ್ ವ್ಯಾಕರಣದ ಟೀಚರು ಹೊಟ್ಟೆಕಿಚ್ಚಿನ ಹೆಂಗಸು. ಇದನ್ನು ಇನ್ನಷ್ಟು ಸಭ್ಯವಾಗಿ ಹೇಳುವ ದಾರಿ ನನಗೆ ತಿಳಿಯದು. ನಾನು ಅಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದಷ್ಟು ಕಾಲ ಆಕೆಯ ಪಾಠದಲ್ಲಿ ಒಂದು ತಪ್ಪನ್ನೂ ಕಾಣಲಿಲ್ಲ, ಬಾಯಲ್ಲಿ ಇನ್ನೊಬ್ಬರ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಕೇಳಲಿಲ್ಲ. ಎದುರುಮನೆಯ ಕಿಟಕಿಗೆ ಹೊಸ ಪರದೆ ಬಂದರೆ ಈಕೆಯ ಮನೆಯಲ್ಲಿ ಸೆಕೆ ಹೆಚ್ಚಾಗುತ್ತಿತ್ತು.

ಮಕ್ಕಳು ಆಕೆಗೆ ಇಟ್ಟಿದ್ದ ಹೆಸರು ಲೀ ಟೀಚರ್. ಇಂಗ್ಲಿಷಿನ ಕ್ರಿಯಾವಿಶೇಷಣಗಳ ಬಾಲಕ್ಕೆ ಅಂಟಿಕೊಳ್ಳುವ ಆ 'ಲೀ' ಎಲ್ಲಿ ಇರಬೇಕು, ಎಲ್ಲಿ ಇರಬಾರದು ಎಂಬುದನ್ನು ಕಾಯುವುದೇ ಆಕೆಯ ಜನ್ಮದ ಕೆಲಸ. ಬಸ್ಸಿನ ಕಂಡಕ್ಟರ್ 'ಕಮ್ ಕ್ವಿಕ್' ಎಂದರೆ, ಹಿಂದಿನವರು ತಳ್ಳುತ್ತಿದ್ದರೂ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟುಕೊಂಡೇ 'ಕ್ವಿಕ್ಲಿ' ಎನ್ನುವಳು. ಹಲ್ಲಿನ ಡಾಕ್ಟರು ಹಲ್ಲು ಕಿತ್ತು 'ಯು ಡಿಡ್ ಗುಡ್' ಎಂದು ಬೆನ್ನು ತಟ್ಟಿದಾಗ ಬಾಯಿ ತುಂಬ ಹತ್ತಿಯಿದ್ದರೂ 'ವೆಲ್' ಎಂದು ತಿದ್ದಿದಳಂತೆ. ಹತ್ತಿ ಕೆಳಗೆ ಬಿತ್ತು, ಡಾಕ್ಟರು ಮತ್ತೆ ತುರುಕಿದರು.

ಆಕೆಯ ಮೈದುನನ ಹೆಂಡತಿಯೂ ನಮ್ಮಲ್ಲೇ ಇಂಗ್ಲಿಷ್ ಟೀಚರಾಗಿ ಸೇರಿದಳು. ವಾರಗಿತ್ತಿಯರಿಬ್ಬರದೂ ಒಂದೇ ಮನೆ. ದೊಡ್ಡವಳು ಕೆಳಗೆ, ಚಿಕ್ಕವಳು ಮಹಡಿಯಲ್ಲಿ. ಅತ್ತೆ ಊಟ ಕೆಳಗೆ ಮಾಡಿ ನಗುವುದಕ್ಕೆ ಮೇಲೆ ಹೋಗುತ್ತಿದ್ದರು. ದೊಡ್ಡವಳ ಸಂಕಟಕ್ಕೆ ಇಷ್ಟೇ ಸಾಕಿತ್ತು. ಸಾಲದ್ದಕ್ಕೆ, ಒಂದು ದಿನ ಆಕೆಯ ಗಂಡ 'ಅವಳ ಹಾಗೆ ನೀನೂ ಸ್ವಲ್ಪ ನಗ್ತಾ ಇರಬಾರದಾ' ಎಂದು ಕೇಳಿ, ಬಹಳ ದಿನ ತನ್ನ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡನೆಂದು ಕೇಳಿದ್ದೇನೆ.

ಚಿಕ್ಕವಳ ಇಂಗ್ಲಿಷನ್ನು ನಾನು ಹೊಗಳಲಾರೆ. ಪ್ರತಿ ಮಾತಿಗೂ 'ಎನಿವೇಸ್' ಎಂಬ ಪೀಠಿಕೆ. ಹಾಡಿದ ಹುಡುಗಿ 'ಸಿಂಗ್ಸ್ ಗುಡ್', ಓಡಿದ ಹುಡುಗ 'ರನ್ಸ್ ಫಾಸ್ಟ್ಲಿ'. ಗುಮಾಸ್ತರೊಬ್ಬರ ಬೀಳ್ಕೊಡುಗೆಯಲ್ಲಿ, ಅವರು ತುಂಬ ದುಡಿದರೆಂದು ಹೇಳಲು ಹೋಗಿ 'ಹಿ ವರ್ಕ್ಡ್ ಹಾರ್ಡ್ಲಿ' ಎಂದುಬಿಟ್ಟಳು. ಅಂದರೆ ಕೆಲಸ ಮಾಡಿದ್ದು ಅಷ್ಟಕ್ಕಷ್ಟೇ ಎಂದಾಯಿತು. ಆ ಗುಮಾಸ್ತರ ಮಟ್ಟಿಗೆ ಅದು ನಿಜವೇ ಆಗಿದ್ದರಿಂದ ನಾನು ಸುಮ್ಮನಿದ್ದೆ.

ಆದರೆ ಮಕ್ಕಳು ಅವಳ ತರಗತಿಗೆ ಓಡಿ ಹೋಗುತ್ತಿದ್ದರು. ಪಾಠದಲ್ಲಿ ನಿಧಾನ ಎಂಬ ಪದ ಬಂದರೆ ಅವರನ್ನು ನಿಧಾನವಾಗಿ ನಡೆಸುವಳು, ಮೆಲ್ಲಗೆ ಎಂದರೆ ಎಲ್ಲರನ್ನೂ ಪಿಸುಗುಟ್ಟಿಸುವಳು. ಎರಡು ತರಗತಿಗಳ ನಡುವೆ ಇದ್ದದ್ದು ಹಲಗೆಯ ಅಡ್ಡಗೋಡೆ. ಆ ಕಡೆ ನಗು ಎದ್ದಾಗಲೆಲ್ಲ ಈ ಕಡೆ ಸೀಮೆಸುಣ್ಣ ಮುರಿಯುತ್ತಿತ್ತು.

ಮೊದಮೊದಲು ದೊಡ್ಡವಳು ಇವಳನ್ನೂ ತಿದ್ದುತ್ತಿದ್ದಳು. ನಲ್ಲಿಯ ಬಳಿ, ಮೆಟ್ಟಿಲಲ್ಲಿ, ಬಟ್ಟೆ ಒಣಗಿಸುವಾಗ. ಚಿಕ್ಕವಳು 'ಹೌದಲ್ವಾ ಅಕ್ಕ' ಎಂದು ನಕ್ಕು, ಮೆಟ್ಟಿಲು ಹತ್ತುವಷ್ಟರಲ್ಲಿ ಮರೆಯುತ್ತಿದ್ದಳು. ಆಮೇಲೆ ಇಂಗ್ಲಿಷ್ ವಿಭಾಗದ ಮುಖ್ಯಸ್ಥರು ನಿವೃತ್ತರಾಗುವ ಸುದ್ದಿ ಬಂತು. ಆ ಜಾಗಕ್ಕೆ ಅರ್ಹರು ಇವರಿಬ್ಬರೇ. ಇಬ್ಬರಿಂದಲೂ ಒಂದೊಂದು ಪಾಠ ಮಾಡಿಸಿ ನೋಡಿ ತೀರ್ಮಾನಿಸುತ್ತೇವೆ ಎಂದು ನಾನು ಪ್ರಕಟಿಸಿದೆ.

ಆ ದಿನದಿಂದ ದೊಡ್ಡವಳು ವಾರಗಿತ್ತಿಯನ್ನು ತಿದ್ದುವುದನ್ನು ನಿಲ್ಲಿಸಿದಳು. ಕಂಡಕ್ಟರನನ್ನು ತಿದ್ದಿದಳು, ಅಂಚೆಯವನನ್ನು ತಿದ್ದಿದಳು, ನನ್ನನ್ನೂ ಒಮ್ಮೆ ತಿದ್ದಿದಳು. ಇವಳನ್ನು ಮಾತ್ರ ಇಲ್ಲ. ಸ್ಟಾಫ್ ರೂಮಿನಲ್ಲಿ ಚಿಕ್ಕವಳು 'ಎನಿವೇಸ್' ಎಂದು ಶುರುಮಾಡಿದಾಗ ಎಲ್ಲರೂ ಅಭ್ಯಾಸಬಲದಿಂದ ದೊಡ್ಡವಳ ಕಡೆ ನೋಡಿದರು. ಆಕೆ ಚಹಾ ಊದಿಕೊಂಡು ಕುಡಿದಳು.

"ಏನ್ ಮೇಡಂ, ಇವತ್ತು ನಾಲಿಗೆಗೆ ರಜಾ ಹಾಕಿದೀರಾ?" ಎಂದರು ಗಣಿತದ ಮೇಷ್ಟ್ರು.

"ಚಹಾ ಬಿಸಿ ಇದೆ," ಎಂದಳು.

ಮನೆಯಲ್ಲಿ ಅತ್ತೆ, ಹಿರಿಸೊಸೆ ಮೆತ್ತಗಾಗಿದ್ದಾಳೆ ಎಂದು ಸಂತೋಷಪಟ್ಟರು. ನನಗೆ ಹಾಗನ್ನಿಸಲಿಲ್ಲ. ಚಿಕ್ಕವಳು ಒಂದೊಂದು ತಪ್ಪು ಆಡಿದಾಗಲೂ ದೊಡ್ಡವಳ ಮುಖದಲ್ಲಿ, ತೊಟ್ಟಿಲಲ್ಲಿ ಮಲಗಿದ ಕೂಸು ಎದ್ದೀತೆಂದು ಹೆದರುವವರ ಎಚ್ಚರ ಇರುತ್ತಿತ್ತು. ಆಕೆ ಆ ತಪ್ಪುಗಳನ್ನು ಸಾಕುತ್ತಿದ್ದಳು. ಪರೀಕ್ಷೆಯ ದಿನಕ್ಕೆ ಅವು ಕೊಬ್ಬಿ ನಿಲ್ಲಬೇಕಿತ್ತು. ನಾನು ಬಾಯಿ ಹಾಕಲಿಲ್ಲ. ತೀರ್ಪು ಕೊಡಬೇಕಾದವಳು ಒಬ್ಬಳಿಗೆ ಪಾಠ ಹೇಳಿಕೊಡುವುದು ನ್ಯಾಯವಲ್ಲ.

ಪರೀಕ್ಷೆಯ ಹಿಂದಿನ ಸಂಜೆ ನಡೆದದ್ದನ್ನು ಅತ್ತೆಯೇ ಆಮೇಲೆ ನನಗೆ ಹೇಳಿದರು. ಚಿಕ್ಕವಳು ಕೆಳಗಿಳಿದು ಬಂದು, ನಾಳೆಯ ಪಾಠವನ್ನು ಒಮ್ಮೆ ಒಪ್ಪಿಸುತ್ತೇನೆ, ಅಕ್ಕ ಕೇಳಬೇಕು ಎಂದಳಂತೆ. ದೊಡ್ಡವಳು ಇಸ್ತ್ರಿ ಹಾಕುತ್ತಲೇ ಕೇಳಿದಳು. 'ಸಿಂಗ್ಸ್ ಗುಡ್' ಬಂತು, 'ಫಾಸ್ಟ್ಲಿ' ಎರಡೆರಡು ಸಲ ಬಂತು, 'ಎನಿವೇಸ್' ಎಷ್ಟು ಸಲ ಬಂತೋ ದೇವರಿಗೇ ಗೊತ್ತು. ಪಾಠ ಮುಗಿದಾಗ ದೊಡ್ಡವಳು 'ಚೆನ್ನಾಗಿದೆ' ಎಂದಳು.

"ಒಂದು ತಪ್ಪೂ ಇಲ್ವೇನೇ?" ಎಂದು ಅತ್ತೆ ಕೇಳಿದರು. ಅವರಿಗೆ ಇಂಗ್ಲಿಷ್ ಬಾರದು, ಸೊಸೆಯಂದಿರು ಗೊತ್ತು.

ಉತ್ತರ ಕೊಟ್ಟವಳು ಚಿಕ್ಕವಳು. "ತಪ್ಪಿದ್ರೆ ಅಕ್ಕ ಬಿಡ್ತಾರಾ ಅತ್ತೆ? ಊರವರನ್ನೆಲ್ಲ ತಿದ್ದೋರು ಮನೆಯವಳನ್ನ ಬಿಡ್ತಾರಾ? ಎಷ್ಟೋ ತಿಂಗಳಾಯ್ತು, ನಂದು ಒಂದೂ ತಿದ್ದಿಲ್ಲ. ಅಂದ್ರೆ ನಂಗೆ ಬಂತು ಅಂತ ತಾನೆ? ನಾಳೆ ನಿಂತ್ಕೋತಿರೋದೇ ಆ ಧೈರ್ಯದ ಮೇಲೆ."

ದೊಡ್ಡವಳು ಇಸ್ತ್ರಿಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳಂತೆ. ಆದರೂ ಏನೂ ಹೇಳಲಿಲ್ಲ. ಹೇಳಬೇಕೆಂದಿದ್ದರೆ ಇಡೀ ಸಂಜೆ ಇತ್ತು, ಬೆಳಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದರು. ನಾನು ಹೊಟ್ಟೆಕಿಚ್ಚು ಎಂದದ್ದು ಇದಕ್ಕೇ.

ಹುದ್ದೆ ಯಾರಿಗೆ ಸಿಕ್ಕಿತೆಂದು ಕೊನೆಯವರೆಗೆ ಬಚ್ಚಿಡುವ ಚಪಲ ನನಗಿಲ್ಲ. ಚಿಕ್ಕವಳಿಗೆ ಸಿಕ್ಕಿತು.

ಪರೀಕ್ಷಕರು ಮೂವರು: ನಾನು, ಆಡಳಿತ ಮಂಡಳಿಯ ಕಾರ್ಯದರ್ಶಿ, ಮತ್ತು ಹೊರಗಿನಿಂದ ಕರೆಸಿದ್ದ ಒಬ್ಬ ನಿವೃತ್ತ ಕಾಲೇಜು ಅಧ್ಯಾಪಕರು. ಈ ಅಧ್ಯಾಪಕರು ತಪ್ಪು ಕೇಳಿದರೆ ನುಸಿ ಕಚ್ಚಿದವರಂತೆ ಆಡುತ್ತಿದ್ದರು. ಇಬ್ಬರಿಗೂ ಒಂದೇ ವಿಷಯ, ಕ್ರಿಯಾವಿಶೇಷಣ. ಒಂದೇ ಕೋಣೆ, ಅದೇ ಮಕ್ಕಳು. ಹಿರಿತನದಿಂದ ದೊಡ್ಡವಳ ಪಾಠ ಮೊದಲು. ಚಿಕ್ಕವಳು ಮುಚ್ಚಿದ ಬಾಗಿಲಾಚೆ, ಮೊಗಸಾಲೆಯ ಬೆಂಚಿನ ಮೇಲೆ ಕಾಯುತ್ತಿದ್ದಳು.

ದೊಡ್ಡವಳು ಎಂದಿನಂತೆ ಗೀಟು ಹೊಡೆದ ಹಾಗೆ ಪಾಠ ಮಾಡಿದಳು. ಅರ್ಧಕ್ಕೆ ಬಂದಾಗ ಮಾತು ನಿಲ್ಲಿಸಿ ಮುಚ್ಚಿದ ಬಾಗಿಲನ್ನು ನೋಡಿದಳು. ಬೋರ್ಡಿನಲ್ಲಿದ್ದುದನ್ನೆಲ್ಲ ಒರೆಸಿದಳು. ನಡುವೆ ಒಂದು ಗೆರೆ ಎಳೆದು, ನಮಗೆ ಬರೆದುಕೊಟ್ಟಿದ್ದ ಪಾಠಕ್ರಮದಲ್ಲಿ ಇಲ್ಲದ್ದನ್ನು ಬರೆಯತೊಡಗಿದಳು. ಎಡಗಡೆ 'ರನ್ಸ್ ಫಾಸ್ಟ್ಲಿ', ಬಲಗಡೆ 'ರನ್ಸ್ ಫಾಸ್ಟ್'. ಎಡಗಡೆ 'ಸಿಂಗ್ಸ್ ಗುಡ್', ಬಲಗಡೆ 'ಸಿಂಗ್ಸ್ ವೆಲ್'. 'ಎನಿವೇಸ್', 'ಎನಿವೇ'. ಎಡಗಡೆಯದನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಅಕ್ಷರಗಳು ಹಿಂದಿನ ಬೆಂಚಿಗೂ ಕಾಣುವಷ್ಟು ದೊಡ್ಡದಾಗಿದ್ದವು.

ನನಗೆ ಮೈ ಉರಿಯಿತು. ಚಿಕ್ಕವಳು ಬರುವ ಮೊದಲೇ ಅವಳ ತಪ್ಪುಗಳನ್ನು ನಮ್ಮ ಕಿವಿಗೆ ತೂರಿಸಿ, ಅಧ್ಯಾಪಕರನ್ನು ಕೆರಳಿಸಿ ಕೂರಿಸುವ ಉಪಾಯ ಎಂದುಕೊಂಡೆ. ಅವರು ಆಗಲೇ ತಲೆದೂಗುತ್ತಿದ್ದರು.

ಗಂಟೆ ಹೊಡೆಯಿತು. ಪಾಠ ಮುಗಿಸಿದವರು ಬೋರ್ಡ್ ಒರೆಸಿಯೇ ಹೊರಡಬೇಕು ಎಂಬುದು ನಮ್ಮ ಶಾಲೆಯ ನಿಯಮ. ಅದಕ್ಕೆ ಅಂಕವೂ ಇತ್ತು. ಆಕೆ ಕೈಯ ಸುಣ್ಣ ಝಾಡಿಸಿಕೊಂಡು ಬಾಗಿಲ ಕಡೆ ಹೊರಟಳು.

"ಬೋರ್ಡು, ಮೇಡಂ," ಎಂದರು ಕಾರ್ಯದರ್ಶಿ. "ಒರೆಸದೆ ಹೋದ್ರೆ ಅಂಕ ಹೋಗತ್ತೆ. ಪಾಠಕ್ರಮ ಬಿಟ್ಟಿದ್ದಕ್ಕೆ ಆಗಲೇ ಹೋಗಿದೆ."

"ಹೋಗಲಿ," ಎಂದಳು.

ಬಾಗಿಲು ತೆರೆದಳು. ಚಿಕ್ಕವಳು ಎದ್ದು ನಿಂತಳು. ದೊಡ್ಡವಳು ಡಸ್ಟರನ್ನು ಅವಳ ಕೈಗಿಟ್ಟು, ಮುಖ ನೋಡದೆ, ನಮಗೆಲ್ಲ ಕೇಳಿಸುವ ಹಾಗೆ ಹೇಳಿದಳು:

"ಮೊದಲು ಪೂರ್ತಿ ಓದು. ಆಮೇಲೆ ಒರೆಸು."